ಆಟಿ ತಿಂಗಳ ಕಪ್ಪು ಡಬ್ಬಿ

ಚಾರ್ಮಾಡಿ ಘಾಟಿಯ ಬುಡದ ಕಕ್ಕಿಂಜೆಯಲ್ಲಿ ಆಟಿಯ ಗಾಳಿಮಳೆಗೆ ಮರದ ಗೆಲ್ಲೊಂದು ತಂತಿ ಮೇಲೆ ಬಿದ್ದರೆ ಸಾಕು, ಕರೆಂಟು ಹೋಯಿತೆಂದೇ ಲೆಕ್ಕ. ಆಗ ಮನೆಯ ಮೂಲೆಯಲ್ಲಿ ಇನ್ವರ್ಟರಿನ ಪಕ್ಕ ಕುಳಿತ ಕಪ್ಪು ಡಬ್ಬಿಗೆ ಎಲ್ಲಿಲ್ಲದ ಮರ್ಯಾದೆ. ಮಳೆ ಬಿಟ್ಟ ಮೇಲೆ ಅದರತ್ತ ತಿರುಗಿ ನೋಡುವವರಿಲ್ಲ.

ಡಬ್ಬಿ ಹೊಸದಾದರೂ ಒಳಗಿನ ಉಪಾಯ ಹಳೆಯದು. ಇಟಲಿಯ ವೋಲ್ಟಾ 1800ರಲ್ಲಿ ಲೋಕಕ್ಕೆ ತೋರಿಸಿದ ಬ್ಯಾಟರಿ ಸತು, ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು ಇಟ್ಟು ಪೇರಿಸಿದ ಒಂದು ಕಂಬ. ಖಾಲಿಯಾದರೆ ಅದರ ಕತೆ ಮುಗಿಯಿತು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿ ಹುಟ್ಟಿತು. ತಮಾಷೆಯೆಂದರೆ, ಒಳ್ಳೆಯ ಡೈನಮೋ ಇಲ್ಲದ ಆ ಕಾಲದಲ್ಲಿ ಪ್ಲಾಂಟೆ ಅದನ್ನು ಚಾರ್ಜ್ ಮಾಡಿದ್ದು ಇನ್ನೊಂದು ಬ್ಯಾಟರಿಯಿಂದಲೇ!

ಡ್ರಮ್ಮಿನಲ್ಲಿ ನೀರು ತುಂಬಿಟ್ಟಂತೆ ಬ್ಯಾಟರಿಯೊಳಗೆ ಕರೆಂಟು ತುಂಬಿರುವುದಿಲ್ಲ. ಅಲ್ಲಿರುವುದು ರಸಾಯನ. ಒಂದು ತಟ್ಟೆಯಲ್ಲಿ ಸೀಸ, ಇನ್ನೊಂದರಲ್ಲಿ ಸೀಸದ ಡೈಆಕ್ಸೈಡ್, ನಡುವೆ ಆಮ್ಲ. ಬಲ್ಬು ಉರಿಯುತ್ತಿದ್ದಂತೆ ಎರಡೂ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕಟ್ಟಿಕೊಳ್ಳುತ್ತದೆ, ಆಮ್ಲ ತೆಳ್ಳಗಾಗುತ್ತದೆ. ಚಾರ್ಜ್ ಮಾಡಿದರೆ ಎಲ್ಲವೂ ಹಿಂದಕ್ಕೆ. ಮೆಕ್ಯಾನಿಕ್ ಗಾಜಿನ ಹೈಡ್ರೋಮೀಟರಿಗೆ ಆಮ್ಲ ಎಳೆದು ನೋಡುವುದು ಇದಕ್ಕೇ: ಪೂರ್ತಿ ಚಾರ್ಜಾದ ಬ್ಯಾಟರಿಯ ಆಮ್ಲ ನೀರಿಗಿಂತ ಸುಮಾರು ಕಾಲುಪಾಲು ಹೆಚ್ಚು ಭಾರ, ಒಳಗಿನ ತೇಲು ಮೇಲಕ್ಕೇಳುತ್ತದೆ. ಒಂದೊಂದು ಕೋಶಕ್ಕೆ ಸುಮಾರು 2 ವೋಲ್ಟ್; ಆರು ಕೋಶ ಸೇರಿದರೆ 12.

ಕರಾವಳಿ, ಮಲೆನಾಡಿನ ಒಂಟಿಮನೆಗಳಿಗೆ ಸೌರದೀಪ ತಲುಪಿದ್ದೂ ಇದೇ ಸೀಸದ ಬೆನ್ನೇರಿ. 1995ರಲ್ಲಿ ಶುರುವಾದ ಸೆಲ್ಕೊ ಎಂಬ ಸಂಸ್ಥೆ ದೀಪ ಕೂರಿಸಿತು. ಬ್ಯಾಂಕುಗಳೂ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೂ ಸಾಲ ಕೊಟ್ಟವು. ಸಂಸ್ಥೆ ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೆಸರೆಲ್ಲ ಚಾವಣಿಯ ಫಲಕಕ್ಕೆ, ನಿಜವಾದ ಪರೀಕ್ಷೆ ಮಾತ್ರ ಕೆಳಗಿನ ಬ್ಯಾಟರಿಗೆ. ವಾರಗಟ್ಟಲೆ ಮೋಡ ಕವಿಯುವ ಈ ಊರುಗಳಲ್ಲಿ ಅದು ಅರೆಹೊಟ್ಟೆಯಲ್ಲೇ ಉಳಿದರೆ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಕರಗುವುದಿಲ್ಲ.

1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲೀಥಿಯಂ ಅಯಾನ್ ಬ್ಯಾಟರಿಯ ಸಂತತಿ ಈಗ ಇನ್ವರ್ಟರಿನೊಳಗೂ ಬಂದಿದೆ. ಅದು ಹಗುರ, ನೀರು ಕೇಳುವುದಿಲ್ಲ. ಬೆಲೆ ಮಾತ್ರ ಜಾಸ್ತಿ. ಸೀಸದ ಬ್ಯಾಟರಿಯನ್ನೇ ನೆಚ್ಚಿಕೊಂಡವರು ಮಳೆಗಾಲಕ್ಕೆ ಮೊದಲು ಅದರ ಮುಚ್ಚಳ ತೆರೆದು ನೋಡಲಿ. ಮಟ್ಟ ಇಳಿದಿದ್ದರೆ ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್. ಎಷ್ಟೇ ತಿಳಿಯಾಗಿದ್ದರೂ ಬಾವಿಯ ನೀರು ಬೇಡ.