ಬೂಂದಿ ಕಾಳಿನ ಹಾಗೆ ಒಂದೊಂದು ಹನಿ!

ಸೋದರಿಯರೇ, ಲಾಡು ಕಟ್ಟಲು ನೀವೆಲ್ಲ ಬೂಂದಿ ಕಾಳು ಕರಿದವರೇ. ಜಾಲರಿ ಸೌಟಿಗೆ ಕಡಲೆಹಿಟ್ಟು ಸುರಿದು ತಟ್ಟಿದರೆ ಹಿಟ್ಟು ಹನಿಹನಿಯಾಗಿ ಎಣ್ಣೆಗೆ ಇಳಿಯುತ್ತದೆ. ಹಿಟ್ಟೇನೋ ಒಂದೇ, ಆದರೆ ಪ್ರತಿಯೊಂದು ಹನಿಯೂ ತನ್ನಷ್ಟಕ್ಕೆ ತಾನು ಬೇಯುತ್ತದೆ. ಇದೇ ಉಪಾಯದಿಂದ ವಿಜ್ಞಾನಿಗಳು ನಮ್ಮ ದೇಹದ ಗುಟ್ಟು ಬಿಡಿಸ್ತಿದ್ದಾರೆ ಅಂದರೆ ನಂಬ್ತೀರಾ? ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ನನಗೆ ಇದು ತಿಳಿದದ್ದು ನಮ್ಮತ್ತೆಯ ಕಣ್ಣಿನ ದೆಸೆಯಿಂದ.

ಮೂರು ವರ್ಷದ ಹಿಂದೆ ಅತ್ತೆ ಅಕ್ಕಿ ಆರಿಸೋದು ಬಿಟ್ಟರು. "ಕಲ್ಲು ಯಾವುದು, ಅಕ್ಕಿ ಯಾವುದು ತಿಳಿಯೋಲ್ಲ ಕಣೇ" ಅಂದರು. ಕನ್ನಡಕ ಬದಲಾಯಿಸಬೇಕೇನೋ ಅಂದುಕೊಂಡೆ. "ಬಾಗಿಲ ಚೌಕಟ್ಟು ಸೊಟ್ಟಗೆ ಕಾಣ್ತದೆ" ಅಂದಾಗಲಂತೂ ನಕ್ಕುಬಿಟ್ಟೆ. ಕೊನೆಗೆ ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಒಂದು ಕಣ್ಣಿನ ರೆಟಿನಾದ ನಡುಭಾಗ ಹಾಳಾಗಿತ್ತು. ಹೋದ ದೃಷ್ಟಿ ಮರಳಿ ಬರೋಲ್ಲ ಅಂದರು. ಅವತ್ತಿನ ನನ್ನ ನಗು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

"ಚಂದ್ರನ ಮೇಲೆ ಇಳೀತಾರೆ, ಒಂದು ಪರದೆ ರಿಪೇರಿ ಮಾಡೋಕ್ಕಾಗೋಲ್ವಾ?" ಅಂತ ಜೀವವಿಜ್ಞಾನ ಓದುತ್ತಿರುವ ಮಗಳನ್ನು ಕೇಳಿದೆ. "ಅಮ್ಮಾ, ಆ ಪರದೆಯಲ್ಲಿ ಎಷ್ಟು ಬಗೆಯ ಜೀವಕೋಶಗಳಿವೆ, ಯಾವುದು ಏನು ಮಾಡುತ್ತೆ ಅನ್ನೋ ಪಟ್ಟಿಯೇ ಈಗ ತಯಾರಾಗ್ತಿದೆ" ಅಂದಳು. ಮುಂಚೆ ಸಾವಿರಾರು ಕೋಶಗಳನ್ನು ಒಟ್ಟಿಗೆ ಅರೆದು ಪರೀಕ್ಷಿಸುತ್ತಿದ್ದರಂತೆ. ಚಟ್ನಿ ರುಬ್ಬಿದ ಮೇಲೆ ಯಾವ ಮೆಣಸಿನಕಾಯಿ ಖಾರವಿತ್ತು ಅಂತ ಹೇಳೋಕಾಗುತ್ತದೆಯೇ? ಒಂದೊಂದು ಕೋಶಕ್ಕೂ ಒಂದೊಂದು ಪಾತ್ರೆ ಬೇಕು. ಆ ಪಾತ್ರೆಯೇ ಹನಿ.

ನೀವೇ ಮಾಡಿ ನೋಡಿ. ಗಾಜಿನ ಲೋಟದಲ್ಲಿ ಅಡುಗೆ ಎಣ್ಣೆ ಹಾಕಿ, ಕುಂಕುಮ ಕದಡಿದ ನೀರನ್ನು ಹನಿಹನಿಯಾಗಿ ಬಿಡಿ. ಹನಿಗಳು ಎಣ್ಣೆಯಲ್ಲಿ ಗುಂಡಗಾಗಿ ನಿಲ್ಲುತ್ತವೆ, ಆದರೆ ಸ್ವಲ್ಪ ಹೊತ್ತಿಗೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹಾಗೆ ಕೂಡದಿರಲೆಂದು ಪ್ರಯೋಗಾಲಯದಲ್ಲಿ ಎಣ್ಣೆಗೆ ಸಾಬೂನಿನಂಥ ಪದಾರ್ಥ ಬೆರೆಸುತ್ತಾರೆ. ಅಲ್ಲಿಯ ಎಣ್ಣೆ ನೀರಿಗಿಂತ ಭಾರ, ಹಾಗಾಗಿ ನಮ್ಮ ಲೋಟದಲ್ಲಿ ಮುಳುಗುವ ಹನಿ ಅಲ್ಲಿ ತೇಲುತ್ತದೆ!

1998ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಟಾಫಿಕ್ ಮತ್ತು ಗ್ರಿಫಿತ್ಸ್ ಎಂಬುವರು ನೀರು-ಎಣ್ಣೆ ಕಲಕಿ, ಅದರ ಹನಿಗಳೊಳಗೇ ಪ್ರಯೋಗ ನಡೆಸಿದರು. ಆದರೆ ಕಲಕಿದರೆ ಹನಿ ಸಣ್ಣದು ದೊಡ್ಡದು ಆಗುತ್ತದಲ್ಲ? ಆಮೇಲೆ ಸಿಲಿಕೋನ್ ರಬ್ಬರಿನ ಪುಟ್ಟ ಬಿಲ್ಲೆಯಲ್ಲಿ ಕೂದಲೆಳೆಯಂಥ ಕಾಲುವೆ ಕೊರೆದು, ನೀರಿನ ಎಳೆಯನ್ನು ಎಣ್ಣೆಯಿಂದ ತುಂಡರಿಸಿದರು. ಆಗ ಒಂದೇ ಅಳತೆಯ ಹನಿಗಳು ಸಾಲಾಗಿ ಹೊರಟವು. 2010ರಲ್ಲಿ ಅಮೆರಿಕದ ಹಾರ್ವರ್ಡ್‌ನ ವಿಜ್ಞಾನಿಗಳು ಹೀಗೆ 10 ಗಂಟೆಯಲ್ಲಿ 10 ಕೋಟಿ ಪರೀಕ್ಷೆ ಮುಗಿಸಿದರು. ಮೂಲಂಗಿಯ ನೆಂಟನಾದ ಒಂದು ಬೇರಿನ ಕಿಣ್ವವನ್ನು ಯೀಸ್ಟ್‌ನಲ್ಲಿ ಬೆಳೆಸಿ, ಹತ್ತು ಪಟ್ಟಿಗೂ ಚುರುಕಾದ ಬಗೆಗಳನ್ನು ಆರಿಸಿದರು. ಚುರುಕು ಕಿಣ್ವವಿದ್ದ ಹನಿ ಹೆಚ್ಚು ಹೊಳೆಯುತ್ತಿತ್ತು, ಯಂತ್ರ ಅದನ್ನು ಬೇರೆ ಮಾಡುತ್ತಿತ್ತು. ಇಷ್ಟಕ್ಕೆಲ್ಲ ಖರ್ಚಾದ ದ್ರವ 150 ಮೈಕ್ರೋಲೀಟರಿಗಿಂತ ಕಡಿಮೆ. ಅಂದರೆ ಕಣ್ಣಿಗೆ ಬಿಡುವ ಔಷಧಿಯ ಮೂರ್ನಾಲ್ಕು ತೊಟ್ಟು, ಅಷ್ಟೆ!

ಇನ್ನು ಕಣ್ಣಿನ ವಿಷಯಕ್ಕೆ ಬರೋಣ. 2015ರಲ್ಲಿ ಹಾರ್ವರ್ಡ್‌ನದೇ ಇನ್ನೊಂದು ತಂಡ ಇಲಿಮರಿಯ ರೆಟಿನಾ ತೆಗೆದುಕೊಂಡು, ಅದರ ಕೋಶಗಳನ್ನು ಬಿಡಿಬಿಡಿ ಮಾಡಿತು. ಹನಿಯೊಂದಕ್ಕೆ ಒಂದು ಕೋಶ, ಜೊತೆಗೆ ಒಂದು ಸೂಕ್ಷ್ಮ ಮಣಿ. ಹನಿಯ ಗಾತ್ರ ಸುಮಾರು ಒಂದು ನ್ಯಾನೋಲೀಟರು. ಅಂಥ ಹನಿಗಳು ಒಂದು ಟೀ ಚಮಚದಲ್ಲಿ 50 ಲಕ್ಷ ಹಿಡಿಸುತ್ತವೆ! ಎರಡು ಕೋಶ ಒಂದೇ ಹನಿಗೆ ನುಗ್ಗಬಾರದೆಂದು ದ್ರವವನ್ನು ತೆಳ್ಳಗೆ ಇಡುತ್ತಾರೆ. ಹಾಗಾಗಿ ಬಹುಪಾಲು ಹನಿ ಖಾಲಿಯೇ ಹೋಗುತ್ತವೆ.

ಹನಿಯೊಳಗೆ ಕೋಶ ಒಡೆದು, ಅದರ ಆರ್‌ಎನ್‌ಎ ಸಂದೇಶಗಳು ಮಣಿಗೆ ಅಂಟಿಕೊಳ್ಳುತ್ತವೆ. ಮದುವೆ ಮನೆಗೆ ನಾವು ಪಾತ್ರೆ ಕೊಡುವಾಗ ಹೆಸರು ಕೆತ್ತಿಸಿರುತ್ತೀವಲ್ಲ, ಹಾಗೆಯೇ ಪ್ರತಿ ಮಣಿಗೂ ಡಿಎನ್‌ಎಯ 12 ಅಕ್ಷರದ ಗುರುತು. ನಾಲ್ಕೇ ಅಕ್ಷರ ಬಳಸಿದರೂ 1,67,77,216 ಬೇರೆ ಬೇರೆ ಹೆಸರು ಬರೆಯಬಹುದು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಸುರಿದು ಓದಿದರೂ ಯಾವ ಸಂದೇಶ ಯಾವ ಕೋಶದ್ದು ಅಂತ ಗೊತ್ತಾಗುತ್ತದೆ. ಹೀಗೆ 44,808 ಕೋಶ ಓದಿ 39 ಗುಂಪು ಗುರುತಿಸಿದರು. 2016ರಲ್ಲಿ ಮನುಷ್ಯ ದೇಹದ ಎಲ್ಲ ಕೋಶಗಳ ನಕ್ಷೆ ಬರೆಯುವ ಕೆಲಸವನ್ನೂ ಹಲವು ದೇಶಗಳವರು ಸೇರಿ ಶುರು ಮಾಡಿದರು.

ಇದನ್ನೆಲ್ಲ ಅತ್ತೆಗೆ ಹೇಳಿದೆ. "ನನ್ನ ಕಣ್ಣು ಬರುತ್ತೇನೇ?" ಅಂದರು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇಲ್ಲ ಅತ್ತೆ, ಇದು ಔಷಧಿ ಅಲ್ಲ, ಔಷಧಿ ಹುಡುಕುವವರಿಗೆ ದಾರಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊಮ್ಮಗಳ ಕಾಲಕ್ಕಾದರೂ ಆಗಲಿ ಬಿಡು" ಅಂದರು.

ಆದರೆ ಸೋದರಿಯರೇ, ಅಲ್ಲಿಯವರೆಗೆ ಕಾಯದೆ ನಾವು ಮಾಡಬಹುದಾದ ಕೆಲಸವೊಂದಿದೆ. ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿ, ಆಮೇಲೆ ಇನ್ನೊಂದು ಕಣ್ಣು. ಸರಳು ಬಾಗಿದಂತೆ ಕಂಡರೆ, ನಡುವೆ ಮಸಕಾದರೆ, ತಡಮಾಡದೆ ಕಣ್ಣಿನ ಡಾಕ್ಟರನ್ನು ಕಾಣಿ. ಬೇಗ ಹೋದರೆ ಕೆಲವು ಬಗೆಯ ತೊಂದರೆಯನ್ನು ಇಂಜೆಕ್ಷನ್ನಿನಿಂದ ತಡೆಯಬಹುದು. ಮನೆಯ ಹಿರಿಯರು "ಸೊಟ್ಟ ಕಾಣ್ತದೆ" ಅಂದರೆ ದಯವಿಟ್ಟು ನನ್ನ ಹಾಗೆ ನಗಬೇಡಿ.