ಮೂರು ಲಕ್ಷ ಕಿಲೋಮೀಟರ್ ದಾಟಿದ ಪಿಕಪ್ ಮತ್ತು ದೂರದ ದಾರಿ

ಡೀಸೆಲ್ ಪಿಕಪ್ಪಿನ ಮೀಟರು 3 ಲಕ್ಷ ಕಿಲೋಮೀಟರ್ ತೋರಿಸಿದ ಮಾತ್ರಕ್ಕೆ ಆ ಗಾಡಿ ಮುದಿಯಾಯಿತು ಎನ್ನುವಂತಿಲ್ಲ. ಮೀಟರಿಗೆ ಗೊತ್ತಿರುವುದು ಚಕ್ರ ಉರುಳಿದ ದೂರ ಮಾತ್ರ. ಎಂಜಿನ್ ಎಷ್ಟು ಹೊತ್ತು ದುಡಿಯಿತು, ಎಷ್ಟು ಭಾರ ಎಳೆಯಿತು, ಎಷ್ಟು ಸಲ ತಣ್ಣಗಿದ್ದಾಗ ಸ್ಟಾರ್ಟ್ ಆಯಿತು ಎಂಬುದನ್ನು ಅದು ಬರೆದಿಟ್ಟುಕೊಳ್ಳುವುದಿಲ್ಲ. ಕೋಲಾರದಿಂದ ಚೆನ್ನೈಗೆ ಟೊಮೆಟೊ ಹೊರುವ ಪಿಕಪ್ ಗಂಟೆಗೆ ಸರಾಸರಿ 50 ಕಿ.ಮೀ. ಓಡುತ್ತದೆ ಎಂದುಕೊಂಡರೆ 3 ಲಕ್ಷ ಕಿ.ಮೀ.ಗೆ ಅದರ ಎಂಜಿನ್ 6,000 ಗಂಟೆ ತಿರುಗಿರುತ್ತದೆ. ಬೆಂಗಳೂರಿನ ಗಲ್ಲಿಗಳಲ್ಲಿ ನೀರಿನ ಕ್ಯಾನು ಹಂಚುವ ಗಾಡಿಯ ಸರಾಸರಿ ಗಂಟೆಗೆ 15 ಕಿ.ಮೀ. ಎಂದುಕೊಂಡರೆ, ಮೀಟರಿನಲ್ಲಿ ಬರೀ ಒಂದೂವರೆ ಲಕ್ಷ ಇರುವಾಗಲೇ ಅದರ ಎಂಜಿನ್ 10,000 ಗಂಟೆ ದುಡಿದಿರುತ್ತದೆ. ಕ್ಲಚ್ ಒತ್ತಿದ ಲೆಕ್ಕ ಬೇರೆ. ದೂರದ ಪ್ರಯಾಣಕ್ಕೆ ಇವೆರಡರಲ್ಲಿ ಒಂದನ್ನು ಆರಿಸಬೇಕಾದರೆ ಹೆಚ್ಚು ಓಡಿದ ಗಾಡಿಯೇ ಮೇಲು. ಜೊತೆಗೆ, ಡಿಜಿಟಲ್ ಮೀಟರನ್ನೂ ಹಿಂದಕ್ಕೆ ತಿರುಗಿಸುವವರಿದ್ದಾರೆ. ಸವೆದು ನುಣುಪಾದ ಕ್ಲಚ್ ಪೆಡಲಿನ ರಬ್ಬರು, ಕುಸಿದ ಡ್ರೈವರ್ ಸೀಟು ಮೀಟರಿಗಿಂತ ಹೆಚ್ಚು ನಿಜ ಹೇಳುತ್ತವೆ.

ಡೀಸೆಲ್ ಎಂಜಿನ್ನಿನ ಬಾಳಿಕೆಯ ಗುಟ್ಟು ಅದು ಕೆಲಸ ಮಾಡುವ ರೀತಿಯಲ್ಲೇ ಇದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿಗೆ ಕಿಡಿ ಬೇಕಿರಲಿಲ್ಲ. ಇಂದಿಗೂ ಬೇಕಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು 16ರಿಂದ 20 ಪಟ್ಟು ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಕಾವಿಗೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಇಂಥ ಒತ್ತಡ ತಾಳಬೇಕಾದ್ದರಿಂದ ಬ್ಲಾಕು, ಕ್ರ್ಯಾಂಕು, ಪಿಸ್ಟನ್ನು ಎಲ್ಲವೂ ಗಟ್ಟಿಮುಟ್ಟಾಗಿರಲೇಬೇಕು. ಮಹೀಂದ್ರ ಬೊಲೆರೊ ಪಿಕಪ್ಪಿನ 2,523 ಸಿಸಿ ಎಂಜಿನ್ನಿನಿಂದ ಹೊರಡುವುದು ಸುಮಾರು 75 ಎಚ್‌ಪಿ ಮಾತ್ರ. ಅಷ್ಟು ದೊಡ್ಡ ಎಂಜಿನ್ನಿನಿಂದ ಇಷ್ಟೇ ಶಕ್ತಿ ಕೇಳುವುದರಿಂದ ಅದು ಏದುಸಿರು ಬಿಡದೆ ವರ್ಷಗಟ್ಟಲೆ ದುಡಿಯುತ್ತದೆ. ಹೊತ್ತಿಗೆ ಸರಿಯಾಗಿ ಆಯಿಲ್, ಫಿಲ್ಟರ್ ಕಂಡ ಎಂಜಿನ್ ಬೋರ್ ಕೆಲಸವಿಲ್ಲದೆ 3–4 ಲಕ್ಷ ಕಿ.ಮೀ. ಓಡುವುದು ಅಚ್ಚರಿಯಲ್ಲ.

ಆದರೆ ಈ ಹೊಗಳಿಕೆ ಸಲ್ಲುವುದು ಎಂಜಿನ್ನಿನ ಒಡಲಿಗೆ. ಹಳೆಯ ಪಿಕಪ್ ನಡುದಾರಿಯಲ್ಲಿ ಕೈಕೊಡುವುದು ಸಾಮಾನ್ಯವಾಗಿ ಪಿಸ್ಟನ್ ಮುರಿದಲ್ಲ. ಎಂಜಿನ್ನನ್ನು ಸುತ್ತುವರಿದ ರಬ್ಬರು ಹೋಸು, ಬೆಲ್ಟು, ಬೇರಿಂಗು, ಸೆನ್ಸರು, ವೈರುಗಳಿಂದ. ಇವುಗಳ ಆಯುಸ್ಸು ಎಂಜಿನ್ನಿನ ಆಯುಸ್ಸಿಗಿಂತ ಬಹಳ ಕಡಿಮೆ, ಮತ್ತು ಇವು ಕಿಲೋಮೀಟರಿಗಷ್ಟೇ ಅಲ್ಲ, ವರ್ಷಕ್ಕೂ ಸೋಲುತ್ತವೆ. ಹತ್ತು ವರ್ಷ ಬಾನೆಟ್ಟಿನ ಕೆಳಗೆ ಬೆಂದ ರೇಡಿಯೇಟರ್ ಹೋಸನ್ನು ಹಿಚುಕಿದರೆ ಒಳಗಿನಿಂದ ಕರಕರ ಸದ್ದು ಬರುತ್ತದೆ. ಹೊರಗಿನಿಂದ ಅದು ಹೊಸತರಂತೆಯೇ ಕಾಣುತ್ತಿರಬಹುದು.

ಫ್ಯಾನ್ ಬೆಲ್ಟಿನ ಸಂಗತಿಯನ್ನು ತುಸು ಹತ್ತಿರದಿಂದ ನೋಡಬೇಕು. ಪೆಟ್ರೋಲ್ ಎಂಜಿನ್ ಉಸಿರೆಳೆಯುವಾಗ ಅದರ ಇನ್‌ಟೇಕಿನಲ್ಲಿ ವ್ಯಾಕ್ಯೂಮ್ ಹುಟ್ಟುತ್ತದೆ. ಬ್ರೇಕಿನ ಬೂಸ್ಟರ್ ಅದನ್ನೇ ಬಳಸಿಕೊಂಡು ಚಾಲಕನ ಕಾಲಿಗೆ ಬಲ ಕೊಡುತ್ತದೆ. ಡೀಸೆಲ್ಲಿನಲ್ಲಿ ಆ ಅನುಕೂಲವಿಲ್ಲ, ಅದಕ್ಕೆಂದೇ ಬೇರೆ ವ್ಯಾಕ್ಯೂಮ್ ಪಂಪ್ ಬೇಕು. ನಮ್ಮ ಹಲವು ಡೀಸೆಲ್ ಗಾಡಿಗಳಲ್ಲಿ ಈ ಪಂಪು ಆಲ್ಟರ್ನೇಟರಿನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಆಲ್ಟರ್ನೇಟರ್ ತಿರುಗುವುದು ಬೆಲ್ಟಿನಿಂದ, ಅನೇಕ ಗಾಡಿಗಳಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ. ಹಾಗಾಗಿ ಕೆಲವೇ ನೂರು ರೂಪಾಯಿಯ ಬೆಲ್ಟು ಹರಿದರೆ ಬ್ಯಾಟರಿ ಚಾರ್ಜ್ ನಿಲ್ಲುತ್ತದೆ, ನೀರು ಹರಿಯದೆ ಎಂಜಿನ್ ಕಾಯತೊಡಗುತ್ತದೆ, ನಾಲ್ಕಾರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಅದೇ ವ್ಯಾಕ್ಯೂಮ್ ಪಂಪಿಗೆ ಎಂಜಿನ್ನಿನಿಂದ ಆಯಿಲ್ ಒಯ್ಯುವ ಸಣ್ಣ ರಬ್ಬರು ಹೋಸೊಂದಿದೆ. ಅದು ಒಡೆದರೆ ಎಂಜಿನ್ ಆಯಿಲ್ಲೇ ರಸ್ತೆಗೆ ಸುರಿಯುತ್ತದೆ. ಲಕ್ಷಗಟ್ಟಲೆ ಬೆಲೆಯ ಗಾಡಿಯ ಭದ್ರತೆ ಬೆರಳು ಗಾತ್ರದ ಹೋಸಿನ ಮೇಲೆ ನಿಂತಿರುತ್ತದೆ ಎಂಬುದನ್ನು ಗಾಡಿ ಕೊಳ್ಳುವಾಗ ಯಾರೂ ಹೇಳುವುದಿಲ್ಲ. ದೂರ ಹೊರಡುವ ಹಳೆಯ ಗಾಡಿಯಲ್ಲಿ ಮೊದಲು ಬದಲಾಯಿಸಬೇಕಾದ್ದು ಇವೆರಡನ್ನೇ. ತೆಗೆದ ಹಳೆಯ ಬೆಲ್ಟು ಬಿರುಕಿಲ್ಲದಿದ್ದರೆ ಅದನ್ನೇ ಸೀಟಿನ ಹಿಂದೆ ಸ್ಟೆಪ್ನಿಯಂತೆ ಇಟ್ಟುಕೊಳ್ಳಬಹುದು.

ಡೀಸೆಲ್ ಪೂರೈಕೆಯ ವಿಷಯದಲ್ಲಿ ಗಾಡಿ ಯಾವ ಕಾಲದ್ದು ಎಂಬುದು ಮುಖ್ಯ. ಹಳೆಯ ಟಾಟಾ 207ರಂಥ ಗಾಡಿಗಳಲ್ಲಿ ಇಂಧನ ಪಂಪು ಪೂರ್ತಿ ಯಾಂತ್ರಿಕ. ಏರ್ ಹಿಡಿದರೆ ಪೈಪಿನ ನಟ್ಟು ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತಿ, ಗುಳ್ಳೆ ಹೋಗುವವರೆಗೆ ಡೀಸೆಲ್ ಹರಿಸಿದರೆ ಮತ್ತೆ ಹೊರಡಬಹುದು. ಯಾವ ಊರಿನ ಮೆಕ್ಯಾನಿಕ್ಕಿಗೂ ಬರುವ ಕೆಲಸ. ನಂತರ ಬಂದ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಡೀಸೆಲ್ಲಿನ ಒತ್ತಡ 1,600 ಬಾರ್ ಮುಟ್ಟುತ್ತದೆ. ಪಿಕಪ್ಪಿನ ಟೈರಿನಲ್ಲಿರುವ ಗಾಳಿಯ ಒತ್ತಡ ನಾಲ್ಕೈದು ಬಾರ್ ಎಂಬುದನ್ನು ನೆನೆದರೆ ಅದರ ಅಗಾಧತೆ ತಿಳಿದೀತು. ಅಂಥ ಇಂಜೆಕ್ಟರುಗಳ ಒಳಗಿನ ಸಂದು ಕೆಲವೇ ಮೈಕ್ರಾನ್. ಒಂದು ಹನಿ ನೀರು, ಒಂದು ಕಣ ಧೂಳು ಅದಕ್ಕೆ ವಿಷ. ಡೀಸೆಲ್ ಫಿಲ್ಟರಿನ ಬುಡದಲ್ಲಿ ನೀರು ಬಸಿಯಲು ತಿರುಪು ಇರುವುದು ಇದಕ್ಕಾಗಿಯೇ. ಮಳೆಗಾಲದಲ್ಲಿ ಅದನ್ನು ಮರೆಯಬಾರದು. ದೂರ ಹೊರಡುವ ಮುನ್ನ ಹೊಸ ಫಿಲ್ಟರ್ ಹಾಕಿಸಿ, ಇನ್ನೊಂದನ್ನು ಜೊತೆಗೆ ಒಯ್ಯುವುದು ಲಾಭದ ಮಾತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದು ಸುಡುವ ಡಿಪಿಎಫ್ ಕೂಡ ಇರುತ್ತದೆ. ಮಸಿ ಸುಡಲು ಸೈಲೆನ್ಸರ್ ಚೆನ್ನಾಗಿ ಕಾಯಬೇಕಾದ್ದರಿಂದ, ಊರೊಳಗಿನ ಓಡಾಟಕ್ಕಿಂತ ಹೆದ್ದಾರಿಯ ದೂರದ ಓಟವೇ ಅದಕ್ಕೆ ಹಿತ.

ಘಾಟಿ ರಸ್ತೆ ಹಳೆಯ ಗಾಡಿಯ ಎರಡು ದೌರ್ಬಲ್ಯಗಳನ್ನು ಬಯಲಿಗೆ ತರುತ್ತದೆ. ಹತ್ತುವಾಗ ಕೂಲಿಂಗ್, ಇಳಿಯುವಾಗ ಬ್ರೇಕ್. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಭಾರ ಹೊತ್ತು ಹತ್ತುವಾಗ ವೇಗ ಕಡಿಮೆ, ಎದುರಿನಿಂದ ನುಗ್ಗುವ ಗಾಳಿಯೂ ಕಡಿಮೆ, ಎಂಜಿನ್ನಿನ ದುಡಿಮೆ ಮಾತ್ರ ಪೂರ್ತಿ. ವರ್ಷಗಟ್ಟಲೆ ಕೂಲಂಟ್ ಬದಲು ಬೋರ್‌ವೆಲ್ ನೀರು ಕುಡಿದ ರೇಡಿಯೇಟರಿನೊಳಗೆ ಸುಣ್ಣ ಕಟ್ಟಿರುತ್ತದೆ. ಊರಲ್ಲಿ ಸರಿಯಾಗಿಯೇ ಇದ್ದ ಟೆಂಪರೇಚರ್ ಮುಳ್ಳು ಅರ್ಧ ಘಾಟಿಯಲ್ಲಿ ಏರುವುದು ಇದರಿಂದಲೇ. ಹಾಗಾದಾಗ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯುವುದು ಮುಖ ಸುಟ್ಟುಕೊಳ್ಳುವ ದಾರಿ. ಕುದಿಯುವ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಗಾಡಿ ನಿಲ್ಲಿಸಿ, ಅದು ತಾನಾಗಿ ಆರುವವರೆಗೆ ಕಾಯಬೇಕು. ಟರ್ಬೊ ಇರುವ ಗಾಡಿಗೆ ಇನ್ನೊಂದು ಮಾತು: ಲಕ್ಷಕ್ಕೂ ಮೀರಿದ ಆರ್‌ಪಿಎಂನಲ್ಲಿ ತಿರುಗುವ ಅದರ ಶಾಫ್ಟಿಗೆ ಆಯಿಲ್ಲೇ ಆಧಾರ, ಆದ್ದರಿಂದ ಘಾಟಿ ಹತ್ತಿದ ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ಐಡಲಿನಲ್ಲಿ ಬಿಡಬೇಕು.

ಇಳಿಜಾರಿನಲ್ಲಿ ಡೀಸೆಲ್ ಗಾಡಿ ಗೇರಿನ ಮೇಲೆ ಚೆನ್ನಾಗಿ ನಿಲ್ಲುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲದ ಕಾರಣ ಡೀಸೆಲ್ಲಿನ ಎಂಜಿನ್ ಬ್ರೇಕಿಂಗ್ ವಾಸ್ತವವಾಗಿ ಅಷ್ಟು ಬಲವಾದದ್ದಲ್ಲ. ಇನ್ನೂ ಒಂದು ಗೇರು ಕೆಳಗೆ ಇಳಿಸಿಕೊಂಡೇ ಹೋಗಬೇಕು. ಆಗುಂಬೆಯ 14 ತಿರುವುಗಳನ್ನು ಬ್ರೇಕ್ ಒತ್ತಿಕೊಂಡೇ ಇಳಿದರೆ ಲೈನರ್ ಸುಟ್ಟ ವಾಸನೆ ಬರುತ್ತದೆ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುವ ವಸ್ತು: ಡಾಟ್ 3 ದರ್ಜೆಯದಕ್ಕೆ ಇರಬೇಕಾದ ಕನಿಷ್ಠ ಕುದಿಬಿಂದು ಹೊಸತರಲ್ಲಿ 205 ಡಿಗ್ರಿ, ತೇವ ಹೀರಿದ ಮೇಲೆ 140 ಡಿಗ್ರಿ. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸುವವರು ತೀರಾ ಕಡಿಮೆ ಎಂಬುದು ಬೇಸರದ ಸಂಗತಿ. ಬ್ರೇಕಿನ ಜೊತೆಗೆ ಟೈರನ್ನೂ ಶಾಫ್ಟನ್ನೂ ನೋಡಬೇಕು. ಟೈರಿನ ವಯಸ್ಸನ್ನು ಅದರ ಬದಿಯ ನಾಲ್ಕಂಕಿ ಹೇಳುತ್ತದೆ; 2321 ಎಂದಿದ್ದರೆ 2021ರ 23ನೇ ವಾರದ್ದು. ಟ್ರೆಡ್ ಚೆನ್ನಾಗಿದ್ದರೂ ಆರು ವರ್ಷ ಮೀರಿದ ಟೈರು ದೂರದ ದಾರಿಗೆ ಬೇಡ. ಪ್ರೊಪೆಲ್ಲರ್ ಶಾಫ್ಟಿನ ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸ್ ಸವೆದಿದ್ದರೆ ಗೇರ್ ಹಾಕಿ ಕ್ಲಚ್ ಬಿಡುವಾಗ ಕೆಳಗಿನಿಂದ ಟಕ್ ಎನ್ನುತ್ತದೆ.

ಪ್ರತಿ ಎಂಜಿನ್ನಿಗೂ ಅದರದೇ ಆದ ಹುಟ್ಟುಗುಣ ಇರುತ್ತದೆ. ದೊಡ್ಡ ಡೀಸೆಲ್ ಪಿಕಪ್ಪುಗಳ ನಾಡಾದ ಅಮೆರಿಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ 1994ರಿಂದ 2003ರವರೆಗೆ ಫೋರ್ಡ್ ಗಾಡಿಗಳಲ್ಲಿ ಬಂದ 7.3 ಲೀಟರ್ ಪವರ್ ಸ್ಟ್ರೋಕ್ ಎಂಜಿನ್ ಬಾಳಿಕೆಗೆ ಹೆಸರಾದದ್ದು. ಆದರೆ ಅದರ ಕ್ಯಾಮ್‌ಶಾಫ್ಟ್ ಪೊಸಿಷನ್ ಸೆನ್ಸರ್ ಕೆಟ್ಟರೆ ಮುನ್ಸೂಚನೆಯಿಲ್ಲದೆ ಎಂಜಿನ್ ನಿಲ್ಲುತ್ತದೆ. ಅನುಭವಸ್ಥ ಮಾಲೀಕರು ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಆ ಸೆನ್ಸರನ್ನೂ ಅದನ್ನು ಬಿಚ್ಚುವ ಒಂದು ಸ್ಪ್ಯಾನರನ್ನೂ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಸದಾ ಇಟ್ಟುಕೊಂಡಿರುತ್ತಾರೆ. ಗಾಡಿಯನ್ನು ನಂಬುವುದೆಂದರೆ ಅದು ಎಲ್ಲಿ ಕೈಕೊಡುತ್ತದೆ ಎಂದು ತಿಳಿದಿರುವುದು. ತಮ್ಮ ಗಾಡಿಯ ಇಂಥ ಹುಟ್ಟುಗುಣವನ್ನು ಅದೇ ಮಾದರಿಯ ಹತ್ತಾರು ಗಾಡಿ ಬಿಚ್ಚಿದ ಮೆಕ್ಯಾನಿಕ್ಕನ್ನು ಕೇಳಿ ತಿಳಿಯಬಹುದು.

ಗಾಡಿಯ ಸ್ಥಿತಿಯನ್ನು ಪರೀಕ್ಷಿಸಲು ಒಳ್ಳೆಯ ಹೊತ್ತು ಬೆಳಗಿನ ಜಾವ, ಎಂಜಿನ್ ಪೂರ್ತಿ ತಣ್ಣಗಿರುವಾಗ. ಒಂದೇ ಸೆಲ್ಫಿಗೆ ಹೊತ್ತಿಕೊಂಡರೆ ಕಂಪ್ರೆಷನ್ ಚೆನ್ನಾಗಿದೆ ಎಂದರ್ಥ. ಎಂಜಿನ್ ಐಡಲಿನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ಅದೇ ಬಾಯಿಯ ಮೇಲೆ ಬೋರಲು ಇಡಬೇಕು. ಅದು ತುಸು ಅಲುಗಾಡಿದರೆ ಚಿಂತೆಯಿಲ್ಲ. ಹೊಗೆಯೊಂದಿಗೆ ಹಾರಿ ಬಿದ್ದರೆ ಪಿಸ್ಟನ್ ರಿಂಗುಗಳು ಸವೆದು ಉರಿಯುವ ಗಾಳಿ ಕೆಳಗೆ ನುಸುಳುತ್ತಿದೆ. ನೀಲಿ ಹೊಗೆ ಆಯಿಲ್ ಸುಡುವುದನ್ನೂ, ಕಪ್ಪು ಹೊಗೆ ಗಾಳಿಗಿಂತ ಡೀಸೆಲ್ ಹೆಚ್ಚಾಗಿರುವುದನ್ನೂ, ಎಂಜಿನ್ ಕಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲಂಟ್ ಒಳಸೇರಿರುವುದನ್ನೋ ಇಂಜೆಕ್ಟರ್ ದೋಷವನ್ನೋ ಸೂಚಿಸುತ್ತದೆ. ಇದೆಲ್ಲಕ್ಕಿಂತ ಬೆಲೆಯುಳ್ಳದ್ದು ಏನು ಯಾವಾಗ ಬದಲಾಯಿತು ಎಂದು ಬರೆದಿಟ್ಟ ಒಂದು ನೋಟ್‌ಬುಕ್. ವಾಟರ್ ಪಂಪ್ ಬದಲಾದದ್ದು 2.4 ಲಕ್ಷಕ್ಕೆ ಎಂದು ಅದರಲ್ಲಿದ್ದರೆ ಊಹೆಗೆ ಎಡೆಯಿಲ್ಲ.

ರಿಪೇರಿಯೆಲ್ಲ ಹೊರಡುವ ಹಿಂದಿನ ದಿನ ಮಾಡಿಸುವುದು ತಪ್ಪು. ಹೊಸ ಭಾಗಗಳೂ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಕೈಕೊಡುವುದುಂಟು, ಬಿಗಿಯದೆ ಉಳಿದ ಕ್ಲಿಪ್ಪು ಆಗಲೇ ಕಳಚುತ್ತದೆ. ಎರಡು ಮೂರು ವಾರ ಮೊದಲೇ ಕೆಲಸ ಮುಗಿಸಿ, ಒಂದಿಷ್ಟು ಭಾರ ಹೇರಿ ಇನ್ನೂರು ಮುನ್ನೂರು ಕಿ.ಮೀ. ಓಡಿಸಿ ನೋಡಬೇಕು.

ದಾರಿಯಲ್ಲಿ ಟೀಗೆ ನಿಲ್ಲಿಸಿದಾಗಲೆಲ್ಲ ಗಾಡಿಯ ಸುತ್ತ ಒಂದು ಸುತ್ತು ಹಾಕಿ ನಾಲ್ಕೂ ಚಕ್ರಗಳ ಹಬ್ಬುಗಳ ಹತ್ತಿರ ಅಂಗೈ ಹಿಡಿದರೆ ಸಾಕು. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಬೇರಿಂಗ್ ಸಾಯುತ್ತಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ನೆಲದ ಮೇಲಿನ ಹನಿ ಎಸಿಯ ನೀರೋ ಆಯಿಲ್ಲೋ ಎಂದು ಬೆರಳಿಟ್ಟು ನೋಡಬೇಕು. ಎಸಿ ಕೆಟ್ಟರೆ, ಸೈಲೆನ್ಸರ್ ತೂತಾದರೆ ಪ್ರಯಾಣ ಮುಂದುವರಿಸಬಹುದು. ಬ್ಯಾಟರಿ ದೀಪ ಹತ್ತಿದರೆ ಮೊದಲು ಬೆಲ್ಟ್ ಇದೆಯೋ ಇಲ್ಲವೋ ನೋಡಬೇಕು. ಕೆಂಪು ಆಯಿಲ್ ದೀಪ ಹತ್ತಿದರೆ ಮಾತ್ರ ಮುಂದಿನ ಊರಿನವರೆಗೆ ಎಂಬ ಯೋಚನೆ ಬೇಡ. ಬೇರಿಂಗಿಗೆ ಆಯಿಲ್ ಸಿಗದ ಎಂಜಿನ್ ಸೀಜ್ ಆಗಲು ಕೆಲವೇ ನಿಮಿಷ ಸಾಕು. ಅಲ್ಲೇ ಬದಿಗೆ ಹಾಕಿ ಆಫ್ ಮಾಡಿ, ರಾಷ್ಟ್ರೀಯ ಹೆದ್ದಾರಿಯಾಗಿದ್ದರೆ 1033ಕ್ಕೆ ಕರೆ ಮಾಡಬೇಕು.