ಹೆಂಗಸರನ್ನು ಮಾತ್ರ ಕೇಳಿದಿರಲ್ಲ, ಸ್ವಾಮಿ?

ಡಿಸೆಂಬರ್ 28, ಹೆರೋದನ ಕತ್ತಿಗೆ ಬಲಿಯಾದ ಮುಗ್ಧ ಕಂದಮ್ಮಗಳನ್ನು ಧರ್ಮಸಭೆಯು ಸ್ಮರಿಸುವ ದಿನ. ಕೆಲವು ವರ್ಷಗಳ ಹಿಂದೆ ಕೋಲಾರ ಚಿನ್ನದ ಗಣಿಯ ದೇವಾಲಯವೊಂದರಲ್ಲಿ ಅಂದಿನ ಪ್ರಬೋಧನೆಗೆ ಗರ್ಭಪಾತವನ್ನು ವಿಷಯವಾಗಿ ಆರಿಸಿಕೊಂಡಿದ್ದೆ. ತತ್ತ್ವಶಾಸ್ತ್ರದಲ್ಲಿ ಪಳಗಿದ ನಾಲಿಗೆಗೆ ತರ್ಕದ ಕೊರತೆಯಿರಲಿಲ್ಲ. "ತಾಯಂದಿರೇ, ನಿಮಗೆ ಮನಸ್ಸಾದರೂ ಹೇಗೆ ಬಂತು?" ಎಂದು ಕೇಳಿಯೂಬಿಟ್ಟೆ. ಬಲಿಪೂಜೆ ಮುಗಿದ ಮೇಲೆ ನಡುವಯಸ್ಸಿನ ಮಹಿಳೆಯೊಬ್ಬರು ಮೆಟ್ಟಿಲ ಬಳಿ ಕಾದಿದ್ದು, "ಹೆಂಗಸರನ್ನು ಮಾತ್ರ ಕೇಳಿದಿರಲ್ಲ, ಸ್ವಾಮಿ?" ಎಂದರು.

ಅವರು ಅಂದು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪತಿ ನಸುಕಿನಲ್ಲಿ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದರು. ಮನೆಯಲ್ಲಿ ಇಬ್ಬರು ಮಕ್ಕಳು, ಮೂರನೆಯದು ಗರ್ಭದಲ್ಲಿ. ಬೇಡವೆಂದವರು ಪತಿ, ಅದಕ್ಕೆ ತಲೆಯಾಡಿಸಿದವರು ಅತ್ತೆ. "ಅವರು ರೈಲಿಗೆ ಹೋದರು, ನಾನೊಬ್ಬಳೇ ಆಸ್ಪತ್ರೆಗೆ ಬಸ್ಸು ಹತ್ತಿದೆ. ಅಂದಿನಿಂದ ಪರಮಪ್ರಸಾದದ ಸಾಲಿಗೆ ಬಂದಿಲ್ಲ. ಏಕೆಂದು ಯಾರೂ ಕೇಳಲಿಲ್ಲ."

ಎಲ್ಲ ಮಹಿಳೆಯರ ಅನುಭವವೂ ಒಂದೇ ಅಲ್ಲ. ಬೇರೆ ದಾರಿಯಿರಲಿಲ್ಲವೆಂದು ದೃಢವಾಗಿ ನುಡಿಯುವವರುಂಟು. ಹುಟ್ಟದ ಮಗುವಿನ ವಯಸ್ಸನ್ನು ಮನಸ್ಸಿನಲ್ಲೇ ಎಣಿಸುವವರುಂಟು. 1971ರ ಕಾಯಿದೆಯಂತೆ ಪ್ರಾಯಕ್ಕೆ ಬಂದ ಸ್ತ್ರೀಯ ಸಮ್ಮತಿಯೇ ಸಾಕು. ಗಂಡನ ಸಹಿ ಬೇಕಿಲ್ಲ. 2021ರ ತಿದ್ದುಪಡಿಯು ಕೆಲವು ವರ್ಗದ ಸ್ತ್ರೀಯರಿಗೆ ಅವಧಿಯನ್ನು 20 ವಾರಗಳಿಂದ 24ಕ್ಕೆ ಏರಿಸಿತು. ಕಾಗದದ ಮೇಲೆ ತೀರ್ಮಾನ ಆಕೆಯದೇ. ಆದರೆ ಮನೆಯೊಳಗೆ?

ಗರ್ಭಧಾರಣೆಯ ಕ್ಷಣದಿಂದಲೇ ಜೀವವು ಪವಿತ್ರವೆಂಬ ಬೋಧನೆಯಲ್ಲಿ ಧರ್ಮಸಭೆಗೆ ಸಂದೇಹವಿಲ್ಲ, ನನಗೂ ಇಲ್ಲ. ಆದರೆ ಕೃತ್ಯದ ಗುರುತ್ವ ಬೇರೆ, ಕರ್ತೃವಿನ ಹೊಣೆಯ ಅಳತೆ ಬೇರೆ ಎಂದು ನೀತಿಶಾಸ್ತ್ರವು ಕಲಿಸುತ್ತದೆ. ಜಗದ್ಗುರು ಎರಡನೆಯ ಜಾನ್ ಪೌಲರು ಜೀವದ ಶುಭಸಂದೇಶದ ಕುರಿತ 1995ರ ವಿಶ್ವಪತ್ರದಲ್ಲಿ, ತಾಯಿಯ ಜೊತೆಗೆ ಹೊಣೆ ಹೊರಬೇಕಾದವರನ್ನು ಎಣಿಸುವಾಗ ಮೊದಲು ಹೆಸರಿಸಿದ್ದು ಮಗುವಿನ ತಂದೆಯನ್ನು. ಒತ್ತಾಯಿಸಿದವನಷ್ಟೇ ಅಲ್ಲ, ಆಕೆಯನ್ನು ಒಂಟಿಯಾಗಿ ಬಿಟ್ಟವನೂ ಹೊಣೆಗಾರನೇ ಎಂಬುದು ಅವರ ಮಾತಿನ ತಾತ್ಪರ್ಯ. ಇದನ್ನು ಗುರುಮಠದಲ್ಲಿ ಓದಿದ್ದ ನಾನು ಪೀಠದಿಂದ ಹೇಳಲು ಮರೆತಿದ್ದೆ.

ಮತ್ತೊಂದನ್ನೂ ಹೇಳಿರಲಿಲ್ಲ. ಈ ಪಾಪಕ್ಕೆ ಕ್ಷಮಾದಾನ ನೀಡುವ ಅಧಿಕಾರವನ್ನು ಜಗದ್ಗುರು ಫ್ರಾನ್ಸಿಸರು 2016ರ ನವೆಂಬರಿನಲ್ಲಿ ಎಲ್ಲ ಗುರುಗಳಿಗೂ ಕಾಲಮಿತಿಯಿಲ್ಲದೆ ವಿಸ್ತರಿಸಿದರು. ಪಾಪನಿವೇದನೆಗೆ ಬರುವ ಸಹೋದರಿ ದೂರದ ಬಾಗಿಲನ್ನು ತಟ್ಟಬೇಕಾಗಿಲ್ಲ.

ಪ್ರಿಯ ಓದುಗರೇ, ಎಲಿಜಬೇತಳು ಗರ್ಭಿಣಿಯೆಂದು ತಿಳಿದ ಮಾತೆ ಮರಿಯಳು ಬೆಟ್ಟದ ಸೀಮೆಗೆ ಅವಸರದಿಂದ ಹೋಗಿ ಸುಮಾರು ಮೂರು ತಿಂಗಳು ಅವಳೊಡನೆ ಇದ್ದಳು. ನಮ್ಮ ಗಣಿ ಲೈನುಗಳಲ್ಲಿ, ಬಂಗಾರಪೇಟೆಯ ಬಾಡಿಗೆ ಮನೆಗಳಲ್ಲಿ, ಕಂಗೆಟ್ಟ ಗರ್ಭಿಣಿಯ ಮನೆಗೆ ಹಾಗೆ ಹೋಗುವವರು ಯಾರು? ಒಂದು ಹೊತ್ತಿನ ಅಡುಗೆ, ಮಕ್ಕಳನ್ನು ನೋಡಿಕೊಳ್ಳುವ ಒಂದು ಕೈ, ಪತಿಯನ್ನು ಕೂರಿಸಿ ಆಡುವ ಎರಡು ಮಾತು: ಜೀವದ ರಕ್ಷಣೆ ಅಲ್ಲಿಂದ ಆರಂಭವಾಗಲಿ. ಪ್ರಶ್ನೆ ಕೇಳುವುದಿದ್ದರೆ ಮೊದಲು ಗಂಡಸರಾದ ನಮ್ಮನ್ನೇ ಕೇಳಿಕೊಳ್ಳೋಣ.